ಶಾಸನದ ಮೊದಲ ಸಾಲು

ತಿರುಮಕೂಡಲು ನರಸೀಪುರದಲ್ಲಿ ಬಸ್ಸು ಹತ್ತಿ ನಾವು ಮೂಗೂರಿಗೆ ಹೋದದ್ದು ತ್ರಿಪುರಸುಂದರಿ ಅಮ್ಮನವರ ಜಾತ್ರೆಗಲ್ಲ, ಒಂದು ಗೋಡೆ ನೋಡಲು. ಮೂಗೂರು ಹೋಬಳಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಮ್ಮ ಹಳೆಯ ಸ್ನೇಹಿತರೊಬ್ಬರು ಮೇಷ್ಟ್ರಾಗಿದ್ದಾರೆ. ಶಾಲೆಯ ಹೆಸರು ಇಲ್ಲಿ ಬೇಡ. ಆ ಶಾಲೆಯ ಜಗುಲಿಯ ಗೋಡೆಯ ಮೇಲೆ ಸಂವಿಧಾನದ ಪೀಠಿಕೆಯನ್ನು ನೀಲಿ ಅಂಚು ಕಟ್ಟಿ ಬರೆಸಿದ್ದಾರೆ. ಅದರ ಪಕ್ಕದಲ್ಲಿ ಮೇಷ್ಟ್ರು ಐದು ಮೊಳೆ ಹೊಡೆಸಿದ್ದರು. ಐದು ಮೊಳೆಗೆ ಐದು ಚೌಕಟ್ಟು. ಅವುಗಳಲ್ಲಿ ಏನಿರಬೇಕೆಂದು ಅವರು ಆಗಲೇ ತೀರ್ಮಾನಿಸಿಯಾಗಿತ್ತು. ನಮ್ಮನ್ನು ಕರೆಸಿದ್ದು ಎರಡು ಲಿಪಿ ಬಲ್ಲವರು ಎಂಬ ಕಾರಣಕ್ಕೆ.

ಒಂದರಲ್ಲಿ ಸಂವಿಧಾನದ ಮೂಲ ಹಸ್ತಪ್ರತಿಯ ಪೀಠಿಕೆಯ ಪುಟ. ಎರಡನೆಯದು ಇದೇ ತಾಲ್ಲೂಕಿನ ಸೋಮನಾಥಪುರದ ಹೊಯ್ಸಳ ಶಾಸನ. ಮೂರನೆಯದು 1368ರ ಶ್ರವಣಬೆಳಗೊಳದ ಬುಕ್ಕರಾಯನ ಶಾಸನ. ನಾಲ್ಕನೆಯದು 1439ರಲ್ಲಿ ಹಂಪಿಯಲ್ಲಿ ಅಹಮದ್ ಖಾನ್ ಎಂಬ ಅಧಿಕಾರಿ ಕಟ್ಟಿಸಿದ ಮಸೀದಿಯ ಕನ್ನಡ ಶಾಸನ. ಐದನೆಯದು ಟಿಪ್ಪು ಸುಲ್ತಾನ ಶೃಂಗೇರಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಒಂದು ಪತ್ರ. ಪ್ರತಿಯೊಂದರ ಕೆಳಗೆ ಪೂರ್ತಿ ಪಾಠ, ಇಸವಿ, ಇಂದಿನ ಕನ್ನಡದಲ್ಲಿ ಅರ್ಥ. ಇಷ್ಟೇ.

ಇಷ್ಟೇ ಎಂದು ನಾವೂ ತಿಳಿದಿದ್ದೆವು. ಆದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎರಡು ಕಡೆಯಿಂದ ಮಾತು ಬಂತು. ಮೊದಲು ಬಾಯಿ ತೆರೆದವರು ಒಬ್ಬ ಪೋಷಕರು. "ಅಲ್ಲ ಸಾ, ಟಿಪ್ಪು ಕಾಗ್ದ ಯಾಕೆ ಬೇಕಿತ್ತು? ಸುಮ್ನೆ ಇರೋ ಊರಲ್ಲಿ ಗಲಾಟೆ. ಬೇಕೇ ಬೇಕು ಅಂದ್ರೆ ಸ್ವಾಮಿಗಳ ಹೆಸರಿರೋ ಭಾಗ ಮಾತ್ರ ಹಾಕಿ." ಎರಡನೆಯವರು ನಮ್ಮವರೇ, ವಯಸ್ಸಾದ ಹಿರಿಯರು, ಮೊಮ್ಮಗಳು ಅಲ್ಲಿ ಆರನೆಯ ತರಗತಿ. ಅವರು ಸಭೆಯಲ್ಲಿ ಮಾತಾಡಲಿಲ್ಲ. ಹೊರಗೆ ಬಂದ ಮೇಲೆ ನಮ್ಮ ತೋಳು ಹಿಡಿದು ದಖನಿಯಲ್ಲಿ ಕೇಳಿದರು: "ಬೇಟಾ, ಬುತಾಂಕಿ ತಾರೀಫ್ ಲಿಖೇಸೋ ಕಾಗಜ್ ಬಚ್ಚ್ಯಾಂಕೆ ಸಾಮ್ನೆ ಕಾಯ್ಕು?" ವಿಗ್ರಹಗಳನ್ನು ಹೊಗಳುವ ಕಾಗದವನ್ನು ಮಕ್ಕಳೆದುರು ಇಡುವುದೇಕೆ ಎಂದು. ಆಮೇಲೆ ಅವರೂ ಒಂದು ದಾರಿ ತೋರಿಸಿದರು. ಮೊದಲ ಎರಡು ಸಾಲು ಬಿಟ್ಟು ಹಾಕಿದರಾಯಿತಲ್ಲ.

ಎರಡು ಆಕ್ಷೇಪಗಳೂ ಒಂದೇ ಎಂದು ನಮಗೆ ಹೊಳೆದದ್ದು ವಾಪಸು ಬರುವ ಬಸ್ಸಿನಲ್ಲಿ. ಇಬ್ಬರೂ ದಾಖಲೆಯನ್ನು ಬೇಡವೆನ್ನಲಿಲ್ಲ, ಕತ್ತರಿಸಿ ಕೊಡಿ ಎಂದರು.

ಕನ್ನಡದ ಶಾಸನಗಳನ್ನು ಓದಿದವರಿಗೆ ಮೊದಲ ಸಾಲಿನ ಸಮಸ್ಯೆ ಗೊತ್ತು. ಪ್ರತಿಯೊಂದು ಪಾಠಪುಸ್ತಕದಲ್ಲಿಯೂ ಹೆಸರಿರುವ ಹಲ್ಮಿಡಿ ಶಾಸನ ವಿಷ್ಣುಸ್ತುತಿಯಿಂದ ಆರಂಭವಾಗುತ್ತದೆ. ಶೈವ ಶಾಸನಗಳಲ್ಲಿ ನೂರಾರು ಕಡೆ ಬಾಣಭಟ್ಟನ ಹರ್ಷಚರಿತೆಯಲ್ಲಿರುವ ಶಂಭುವಿನ ಸ್ತುತಿಯೇ ಮೊದಲು ಬರುತ್ತದೆ. ಜೈನ ಶಾಸನವಾದರೆ ಜಿನಶಾಸನಕ್ಕೆ ಜಯಕಾರ. ಕಲ್ಲಿನ ನೆತ್ತಿಯ ಮೇಲೆ ಸೂರ್ಯ, ಚಂದ್ರ, ಹಸು, ಕರು. ಕೊನೆಯಲ್ಲಿ ಶಾಪ: ಈ ದತ್ತಿಯನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ. ದಖನಿನ ನಂತರದ ಕಾಲದ ಕೆಲವು ದಾನಪತ್ರಗಳಲ್ಲಿ ಶಾಪವನ್ನೂ ಹಂಚಿಕೊಡಲಾಗಿದೆ. ಹಿಂದೂವಿಗೆ ಹಸುವಿನ ಆಣೆ, ಮುಸಲ್ಮಾನನಿಗೆ ಹಂದಿಯ ಆಣೆ! ಬರೆಸಿದವನು ಇಬ್ಬರ ಮೇಲೂ ಸಮಾನವಾಗಿ ಅನುಮಾನಪಟ್ಟಿದ್ದಾನೆ. ಸಮಾನತೆಯ ಇಂಥ ಮಾದರಿ ಬೇರೆಲ್ಲಿ ಸಿಕ್ಕೀತು?

ಈ ದೇವರು ಮತ್ತು ಶಾಪದ ನಡುವೆ ಇರುವುದು ಏನು? ಇಷ್ಟು ಗದ್ದೆ, ಇಂಥ ಎಲ್ಲೆ, ಇಂಥ ಕೆರೆಯ ಕೆಳಗೆ, ಇಂಥವನಿಗೆ, ಇಂಥ ತೆರಿಗೆ ಬಿಟ್ಟು. ಅಂದರೆ ಪಹಣಿ. ನಮ್ಮ ಊರುಗಳ ನೀರು, ನೆಲ, ಜಗಳ, ರಾಜಿ ಎಲ್ಲವೂ ದೇವರ ಹೆಸರಿನ ಕೆಳಗೆ ದಾಖಲಾಗಿವೆ. ಬಿ. ಎಲ್. ರೈಸ್ 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟ ಪ್ರಕಟಿಸಿದಾಗ ನಂಜನಗೂಡು ಮತ್ತು ನರಸೀಪುರದ ಕಲ್ಲುಗಳು ಮೊದಲ ಬಾರಿಗೆ ಪುಸ್ತಕಕ್ಕೆ ಬಂದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಎಪ್ಪತ್ತರ ದಶಕದಲ್ಲಿ ಪರಿಷ್ಕರಿಸಿ ಹೊರತಂದ ಆವೃತ್ತಿಯಲ್ಲಿ ನಂಜನಗೂಡು ಮೂರನೆಯ ಸಂಪುಟದಲ್ಲಿದೆ, ನರಸೀಪುರ ಐದನೆಯದರಲ್ಲಿದೆ. ದೇವರ ಹೆಸರಿಲ್ಲದ ಶಾಸನವನ್ನೇ ಶಾಲೆಗೆ ತರುತ್ತೇವೆಂದು ಹೊರಟರೆ ಈ ದಪ್ಪ ಸಂಪುಟಗಳಲ್ಲಿ ಉಳಿಯುವುದು ಕೆಲವೇ ಹಾಳೆ. ನಮ್ಮ ಮಕ್ಕಳಿಗೆ ಇತಿಹಾಸವೇ ಇಲ್ಲದಂತಾಗುತ್ತದೆ.

ಹಾಗೆಂದು ಆ ಹಿರಿಯರ ಅಳುಕನ್ನು ನಾವು ತಳ್ಳಿಹಾಕಲಾರೆವು. ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಐದಕ್ಕೆ ಕನ್ನಡ ಶಾಲೆ ಸೇರಿದ ನಮಗೆ ಶುಕ್ರವಾರ ಎಂಬುದು ಎರಡು ಬಗೆಯ ದಿನವಾಗಿತ್ತು. ಬೆಳಿಗ್ಗೆ ಶಾಲೆಯಲ್ಲಿ ಸರಸ್ವತಿಯ ಪಟಕ್ಕೆ ಪೂಜೆ, ಮಂಡಕ್ಕಿ, ಕೊಬ್ಬರಿ ಚೂರು. ಮಧ್ಯಾಹ್ನ ಜುಮಾ ನಮಾಜು. ಪೂಜೆಯ ಹೊತ್ತಿಗೆ ಎಲ್ಲರೂ ಕೈಮುಗಿದಾಗ ನಾವು ಎರಡು ಕೈಯನ್ನೂ ಚಡ್ಡಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದೆವು. ಮಂಡಕ್ಕಿ ಹಂಚುವಾಗ ಹೊರತೆಗೆಯುತ್ತಿದ್ದೆವು. ಒಬ್ಬರು ಟೀಚರು ಅದನ್ನು ಗಮನಿಸಿ, "ಕೈ ಮುಗಿಯೋಕೆ ಇಲ್ಲ, ತಿನ್ನೋಕೆ ಇದೆ" ಎಂದು ತರಗತಿಯ ಮುಂದೆ ಅಂದದ್ದು ಮೂವತ್ತು ವರ್ಷವಾದರೂ ಹೋಗಿಲ್ಲ. ಮನೆಯಲ್ಲಿ ಅಮ್ಮೀಜಾನ್‌ಗೆ ಹೇಳಿದಾಗ ಅವರು ಮುಂದಿನ ಶುಕ್ರವಾರ ತರಗತಿಯ ಎಲ್ಲರಿಗೂ ಆಗುವಷ್ಟು ಕಡಲೆಮಿಠಾಯಿ ಕಟ್ಟಿಕೊಟ್ಟರು. ಟೀಚರೂ ಒಂದು ತೆಗೆದುಕೊಂಡರು. ಆ ಪಟದ ಮೇಲೆ ನಮಗೆ ಕೋಪವಿರಲಿಲ್ಲ, ಇವತ್ತಿಗೂ ಇಲ್ಲ. ಅದು ಸುಂದರವಾದ ಪಟ. ತೊಂದರೆಯಿದ್ದದ್ದು ಕೈಯದು. ನೋಡುವ ವಸ್ತು ಯಾವಾಗ ಮುಗಿಯುವ ವಸ್ತುವಾಗುತ್ತದೆ ಎಂಬುದು ಮಗುವಿಗೆ ಬಹಳ ಬೇಗ ಗೊತ್ತಾಗುತ್ತದೆ.

ಮೈಸೂರು ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಸಂಸ್ಥಾನದ ಕಾಲದಲ್ಲಿ ಶಾಲೆಗಳಲ್ಲಿ ಹಾಡುತ್ತಿದ್ದ ರಾಜ್ಯಗೀತೆ, ಬಸವಪ್ಪ ಶಾಸ್ತ್ರಿಗಳು ರಚಿಸಿದ ‘ಕಾಯೌ ಶ್ರೀ ಗೌರಿ’, ದೇವಿಯ ಪ್ರಾರ್ಥನೆಯೇ ಆಗಿತ್ತು. ಅದನ್ನು ಹಾಡುತ್ತಲೇ ಬೆಳೆದ ಮುಸ್ಲಿಂ ಹುಡುಗರು ಆ ಕಾಲದಲ್ಲಿ ಬೇಕಾದಷ್ಟು ಮಂದಿ ಇದ್ದರು. ಆದರೆ 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಒಂದು ಗಣಪತಿ ವಿಗ್ರಹದ ವಿಷಯಕ್ಕೆ ವಿವಾದ ಎದ್ದು, ವಿದ್ಯಾರ್ಥಿಗಳು ಬೀದಿಗಿಳಿದು, ಗಲಭೆಯೇ ಆಯಿತು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಅವರ ಧರ್ಮವನ್ನೂ ಎಳೆದು ತರಲಾಯಿತು. ವಿಚಾರಣೆಗೆ ನೇಮಕವಾದ ಸಮಿತಿಗೆ ಸರ್ ಎಂ. ವಿಶ್ವೇಶ್ವರಯ್ಯನವರು ಅಧ್ಯಕ್ಷರು. ಒಂದು ಶಾಲೆಯ ಅಂಗಳದ ಮೂಲೆ ಇಡೀ ಸಂಸ್ಥಾನದ ರಾಜಕಾರಣವನ್ನು ಅಲುಗಾಡಿಸಿತು. ಶಾಲೆಯ ಗೋಡೆ, ಶಾಲೆಯ ಅಂಗಳ ಯಾರದು ಎಂಬ ಪ್ರಶ್ನೆಯನ್ನು ಕನ್ನಡ ನಾಡು ಆಗಲೇ ಕೇಳಿಕೊಂಡಿತ್ತು ಎಂದು ಹೇಳಲು ಇದನ್ನು ನೆನೆದೆವು.

ಇನ್ನು ಪೀಠಿಕೆಯ ಮಾತು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಶಾಲಾ ಕಾಲೇಜುಗಳಲ್ಲಿ ಪೀಠಿಕೆಯ ಓದನ್ನು ಕಡ್ಡಾಯ ಮಾಡಲು ತೀರ್ಮಾನಿಸಿತು. ಅದೇ ವರ್ಷ ಸೆಪ್ಟೆಂಬರ್ 15ರ ಪ್ರಜಾಪ್ರಭುತ್ವ ದಿನದಂದು ರಾಜ್ಯದಾದ್ಯಂತ ಏಕಕಾಲಕ್ಕೆ ಓದಿಸಲಾಯಿತು. ಅದರ ಹೊಣೆ ಹೊತ್ತಿದ್ದ ಸಮಾಜ ಕಲ್ಯಾಣ ಸಚಿವ ಡಾ. ಎಚ್. ಸಿ. ಮಹದೇವಪ್ಪನವರು ಇದೇ ತಿ. ನರಸೀಪುರ ಕ್ಷೇತ್ರದ ಶಾಸಕರು. ಆದ್ದರಿಂದ ಈ ಭಾಗದ ಶಾಲೆಗಳಲ್ಲಿ ಆ ದಿನ ಉತ್ಸಾಹ ಒಂದು ಕೈ ಹೆಚ್ಚಾಗಿಯೇ ಇತ್ತು ಎಂದು ಮೇಷ್ಟ್ರು ನಕ್ಕರು.

ಪೀಠಿಕೆ ಧರ್ಮದ ಸೋಂಕಿಲ್ಲದ ದಾಖಲೆ, ಹಾಗಾಗಿ ಅದು ಸುರಕ್ಷಿತ ಎಂದು ಅನೇಕರು ತಿಳಿದಿದ್ದಾರೆ. ಓದಿ ನೋಡಿದರೆ ಹಾಗಿಲ್ಲ. ಅದರಲ್ಲಿ ವಿಶ್ವಾಸ, ಧರ್ಮಶ್ರದ್ಧೆ, ಉಪಾಸನೆಗಳ ಸ್ವಾತಂತ್ರ್ಯದ ಮಾತಿದೆ. ನಾವು ಇದನ್ನು ಮೊದಲು ಕಂಡದ್ದು ಉರ್ದು ಪಾಠಪುಸ್ತಕದಲ್ಲಿ. ಅಲ್ಲಿ ಅವು ಅಖೀದಾ, ದೀನ್, ಇಬಾದತ್. ಮದ್ರಸಾದಲ್ಲಿ ದಿನವೂ ಕಿವಿಗೆ ಬೀಳುವ ಮೂರು ಪದಗಳು ಸರ್ಕಾರದ ಪುಸ್ತಕದಲ್ಲಿ ಕಂಡು ಆಶ್ಚರ್ಯಪಟ್ಟಿದ್ದೆವು. ‘ಸೆಕ್ಯುಲರ್’ ಎಂಬ ಪದಕ್ಕೆ ಮಾತ್ರ ಅನುವಾದಕರು ಪಟ್ಟ ಪಾಡು ನೋಡಬೇಕು. ಹಿಂದಿಯಲ್ಲಿ ಪಂಥನಿರಪೇಕ್ಷ, ಉರ್ದುವಿನಲ್ಲಿ ಗೈರ್ ಮಜಹಬೀ, ಕನ್ನಡದಲ್ಲಿ ಒಂದು ಕಡೆ ಜಾತ್ಯತೀತ, ಇನ್ನೊಂದು ಕಡೆ ಸರ್ವಧರ್ಮ ಸಮಭಾವ. ಉರ್ದು ಹುಡುಗನಿಗೆ ಅದು ಮಜಹಬು ಅಲ್ಲದ್ದು, ಕನ್ನಡ ಹುಡುಗನಿಗೆ ಎಲ್ಲ ಧರ್ಮಗಳೂ ಸಮ. ಒಂದೇ ಗೋಡೆ, ಎರಡು ಅರ್ಥ. ನಾವು ಎರಡೂ ಹುಡುಗರಾಗಿದ್ದೆವು, ಆದ್ದರಿಂದ ಗೊತ್ತು.

ಪೀಠಿಕೆಯ ಮೊದಲ ಸಾಲಿಗೂ ಒಂದು ಕಥೆಯಿದೆ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಪೀಠಿಕೆಯ ಚರ್ಚೆ ನಡೆದಾಗ, ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು ಅದು ದೇವರ ಹೆಸರಿನಿಂದ ಆರಂಭವಾಗಬೇಕೆಂದು ತಿದ್ದುಪಡಿ ತಂದರು. ಯಾವ ಧರ್ಮದ ದೇವರನ್ನೂ ಅವರು ಹೆಸರಿಸಿರಲಿಲ್ಲ. ಬರಿಯ ದೇವರು. ಆಸ್ತಿಕರೇ ತುಂಬಿದ್ದ ಸಭೆಗೆ ಪೇಚಾಟವಾಯಿತು. ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ವಿನಂತಿಸಿದರು. ನಂಬಿಕೆಯ ಸ್ವಾತಂತ್ರ್ಯ ಕೊಡುವ ಪೀಠಿಕೆಯಲ್ಲೇ ಒಂದು ನಂಬಿಕೆಯನ್ನು ಎಲ್ಲರ ಮೇಲೂ ಹೇರುವುದು ಸರಿಯಲ್ಲ ಎಂಬ ವಾದ ಹೃದಯನಾಥ ಕುಂಜ್ರೂ ಅವರದು. ಕಾಮತರು ಬಿಡಲಿಲ್ಲ. ರಾಜೇಂದ್ರ ಪ್ರಸಾದರು ಮತಕ್ಕೆ ಹಾಕಿದರು. ಪರವಾಗಿ 41, ವಿರೋಧವಾಗಿ 68. ನಮ್ಮ ಇತಿಹಾಸದಲ್ಲಿ ಇದೊಂದು ಕರಾಳ ದಿನ, ದೇವರೇ ಭಾರತವನ್ನು ಕಾಪಾಡಲಿ ಎಂದು ಕಾಮತರು ನೊಂದು ನುಡಿದರು. ಅದೂ ಕಡತದಲ್ಲಿದೆ. ನಾವು ಆ ದಿನ ಸಭೆಯಲ್ಲಿದ್ದಿದ್ದರೆ? ಪ್ರತಿ ಕೆಲಸವನ್ನೂ ಬಿಸ್ಮಿಲ್ಲಾ ಎಂದೇ ಆರಂಭಿಸುವ ನಾವು 68ರ ಕಡೆಗೇ ಕೈ ಎತ್ತುತ್ತಿದ್ದೆವು. ದೇವರ ಹೆಸರನ್ನು ನಾವಾಗಿ ಹೇಳುವುದಕ್ಕೂ ಸರ್ಕಾರ ನಮ್ಮ ಬಾಯಿಂದ ಹೇಳಿಸುವುದಕ್ಕೂ ಅಂತರವಿದೆ. ಪ್ರಮಾಣವಚನದಲ್ಲಿ ಆ ಅಂತರವನ್ನು ಸಂವಿಧಾನ ಕಾಪಾಡಿದೆ: ದೇವರ ಹೆಸರಿನಲ್ಲಿ ಎನ್ನುವವರು ಹಾಗೆನ್ನಬಹುದು, ಸತ್ಯನಿಷ್ಠೆಯಿಂದ ಎನ್ನುವವರು ಹಾಗೆ.

ದೇವರು ಮಾತಿನಲ್ಲಿ ಬರಲಿಲ್ಲ, ಚಿತ್ರದಲ್ಲಿ ಬಂದರು. ಪ್ರೇಮ್ ಬಿಹಾರಿ ನಾರಾಯಣ ರಾಯಜಾದಾ ಕೈಯಿಂದ ಬರೆದ, ನಂದಲಾಲ್ ಬೋಸ್ ಮತ್ತು ಅವರ ಶಾಂತಿನಿಕೇತನದ ಶಿಷ್ಯರು ಅಲಂಕರಿಸಿದ ಮೂಲ ಪ್ರತಿಯಲ್ಲಿ ಮೂಲಭೂತ ಹಕ್ಕುಗಳ ಭಾಗಕ್ಕೆ ರಾಮ, ಸೀತೆ, ಲಕ್ಷ್ಮಣರ ಚಿತ್ರವಿದೆ. ನಿರ್ದೇಶಕ ತತ್ತ್ವಗಳಿಗೆ ಕೃಷ್ಣಾರ್ಜುನರು. ಬುದ್ಧ, ಮಹಾವೀರ, ಅಕ್ಬರ್, ಶಿವಾಜಿ, ಗುರು ಗೋವಿಂದಸಿಂಗರೂ ಇದ್ದಾರೆ. ಹದಿನಾರನೆಯ ಭಾಗದಲ್ಲಿ ಝಾನ್ಸಿಯ ಲಕ್ಷ್ಮೀಬಾಯಿಯ ಜೊತೆಗೆ ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನ. 2025ರ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ, ಮಾರಾಟವಾಗುವ ಸಂವಿಧಾನದ ಪ್ರತಿಗಳಲ್ಲಿ ಈ ಚಿತ್ರಗಳೂ ಇರಬೇಕೆಂಬ ಒತ್ತಾಯ ಬಂತು. ಇರಲಿ, ಎಲ್ಲವೂ ಇರಲಿ. ಆದರೆ ಕೆಲವು ಭಿತ್ತಿಪತ್ರಗಳಲ್ಲಿ ರಾಮನ ಪುಟವೊಂದೇ ಓಡಾಡುತ್ತದೆ, ಇನ್ನು ಕೆಲವು ಭಿತ್ತಿಪತ್ರಗಳಲ್ಲಿ ಟಿಪ್ಪುವಿನ ಪುಟವೊಂದೇ. ಪುಸ್ತಕ ಒಂದೇ, ಕತ್ತರಿ ಎರಡು.

ಕತ್ತರಿಯ ಈ ಕೆಲಸ ಅಮೆರಿಕದಲ್ಲಿ ನ್ಯಾಯಾಲಯದವರೆಗೂ ಹೋಗಿದೆ. ಕೆಂಟುಕಿ ರಾಜ್ಯ 1978ರಲ್ಲಿ ಪ್ರತಿ ತರಗತಿಯಲ್ಲಿ ಮೂಸಾ ಪ್ರವಾದಿಯವರ ದಶಾಜ್ಞೆಗಳನ್ನು ತೂಗುಹಾಕಬೇಕೆಂದು ಕಾನೂನು ಮಾಡಿತು. ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ಲೌಕಿಕ ಕಾನೂನಿನ ಮೂಲವೆಂಬ ಒಕ್ಕಣೆ. 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಸಣ್ಣ ಅಕ್ಷರವನ್ನು ನಂಬಲಿಲ್ಲ. ಇಪ್ಪತ್ತು ವರ್ಷದ ಬಳಿಕ ಅದೇ ಕೆಂಟುಕಿಯ ಮೂರು ಕೌಂಟಿಗಳು ಬೇರೆ ಉಪಾಯ ಹೂಡಿದವು. ಎರಡರಲ್ಲಿ ನ್ಯಾಯಾಲಯದ ಗೋಡೆ, ಒಂದರಲ್ಲಿ ಶಾಲೆಯ ತರಗತಿಗಳು. ದಶಾಜ್ಞೆಗಳ ಸುತ್ತ ಸ್ವಾತಂತ್ರ್ಯ ಘೋಷಣೆ ಮುಂತಾದ ಚಾರಿತ್ರಿಕ ದಾಖಲೆಗಳನ್ನು ಹಾಕಿದವು. ಆದರೆ ಪೂರ್ತಿಯಾಗಿ ಅಲ್ಲ, ದೇವರ ಹೆಸರಿರುವ ತುಂಡುಗಳನ್ನು ಆರಿಸಿ. ಆಮೇಲೆ ಮೊಕದ್ದಮೆಯ ಬಿಸಿಗೆ ಪೂರ್ಣ ದಾಖಲೆಗಳನ್ನು ಹಾಕಿದರೂ 2005ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ಅದನ್ನು ಒಪ್ಪಲಿಲ್ಲ. ಮೊದಲಿನ ಉದ್ದೇಶ ಎಲ್ಲರಿಗೂ ಗೊತ್ತಾಗಿಹೋಗಿತ್ತು. 2024ರಲ್ಲಿ ಲೂಯಿಸಿಯಾನಾ ರಾಜ್ಯ ಮತ್ತೆ ತರಗತಿಗಳ ಗೋಡೆಗೆ ದಶಾಜ್ಞೆಗಳನ್ನು ತರುವ ಕಾನೂನು ಮಾಡಿ, ಆ ಜಗಳ ಮತ್ತೆ ಕೋರ್ಟು ಹತ್ತಿತು. ಮೂಸಾ ಪ್ರವಾದಿಯವರು ನಮಗೂ ಪ್ರವಾದಿಗಳೇ. ಆದರೂ ಆ ತರಗತಿಯಲ್ಲಿ ಕೂರುವ ನಾಸ್ತಿಕರ ಮಗುವಿನ ಕೈ ಎಲ್ಲಿರುತ್ತದೆ ಎಂದು ನಾವು ಊಹಿಸಬಲ್ಲೆವು. ಜೇಬಿನಲ್ಲಿ.

ನಮ್ಮ ಸಂವಿಧಾನದ 28ನೆಯ ವಿಧಿ ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ. ಅರುಣಾ ರಾಯ್ ಅವರ ಮೊಕದ್ದಮೆಯಲ್ಲಿ 2002ರಲ್ಲಿ ಸುಪ್ರೀಂ ಕೋರ್ಟು, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ, ಧರ್ಮವನ್ನು ಬೋಧಿಸುವುದು ಬೇರೆ ಎಂಬ ಗೆರೆ ಎಳೆಯಿತು. ಗೆರೆ ತೆಳುವಾದದ್ದು, ದಾಟಿದ್ದು ಗೊತ್ತಾಗದಂತೆ ದಾಟಬಹುದು. 1986ರಲ್ಲಿ ಕೇರಳದ ಯೆಹೋವನ ಸಾಕ್ಷಿಗಳ ಪಂಗಡದ ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತು, ಆದರೆ ಹಾಡದೆ ಇದ್ದುದಕ್ಕೆ ಶಾಲೆಯಿಂದ ಹೊರಹಾಕಲ್ಪಟ್ಟಾಗ, ಅವರನ್ನು ವಾಪಸು ಸೇರಿಸಿಕೊಳ್ಳುವಂತೆ ಆದೇಶಿಸಿದ್ದೂ ಇದೇ ಕೋರ್ಟು. ಎದ್ದುನಿಲ್ಲುವುದು ಗೌರವ. ಬಾಯಿ ಅವರವರದು.

ಈಗ ನಮ್ಮ ಅಂಗಳವನ್ನೂ ಗುಡಿಸಬೇಕು. ಟಿಪ್ಪುವಿನ ಶೃಂಗೇರಿ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಪುರಾತತ್ವ ಇಲಾಖೆಯ ನರಸಿಂಹಾಚಾರ್ಯರು. ಸುಮಾರು ಮೂವತ್ತು ಪತ್ರಗಳು. 1791ರಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡು ಶೃಂಗೇರಿಯನ್ನು ಲೂಟಿ ಮಾಡಿದಾಗ ಟಿಪ್ಪು ಸ್ವಾಮಿಗಳಿಗೆ ಬರೆದು, ಶಾರದೆಯ ಪುನಃಪ್ರತಿಷ್ಠೆಗೆ ಹಣ, ಧಾನ್ಯ ಕೊಡುವಂತೆ ಬಿದನೂರಿನ ಅಧಿಕಾರಿಗೆ ಅಪ್ಪಣೆ ಮಾಡಿದ. ನಂಜನಗೂಡು ತಾಲ್ಲೂಕಿನ ಕಳಲೆಯ ಲಕ್ಷ್ಮೀಕಾಂತಸ್ವಾಮಿ ದೇವಾಲಯದ ಬೆಳ್ಳಿ ಪಾತ್ರೆಗಳು ಅವನ ಕೊಡುಗೆಯೆಂದು ಅದೇ ಇಲಾಖೆಯ ವರದಿಗಳು ಹೇಳುತ್ತವೆ. ನಂಜುಂಡೇಶ್ವರನಿಗೆ ಪಚ್ಚೆಲಿಂಗ ಕೊಟ್ಟ ಕಥೆ, ಆನೆಯ ಕಣ್ಣು ವಾಸಿಯಾದದ್ದಕ್ಕೆ ದೇವರನ್ನು ಹಕೀಮ್ ನಂಜುಂಡ ಎಂದು ಕರೆದ ಕಥೆ ನಂಜನಗೂಡಿನ ಬೀದಿಯಲ್ಲಿ ಇವತ್ತಿಗೂ ಕೇಳಸಿಗುತ್ತದೆ. ಇವೆಲ್ಲವನ್ನೂ ನಮ್ಮವರು ಪ್ರತಿ ಭಾಷಣದಲ್ಲಿಯೂ ಹೇಳುತ್ತೇವೆ. ಆದರೆ ಕೊಡಗು, ಮಲಬಾರುಗಳ ದಂಡಯಾತ್ರೆಯ ಬಗ್ಗೆ, ಸೆರೆಹಿಡಿದವರ ಬಗ್ಗೆ, ಮತಾಂತರದ ಬಗ್ಗೆ ಅದೇ ಟಿಪ್ಪುವಿನ ಪತ್ರಗಳು ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿವೆ. ಅನುವಾದಕನಿಗೆ ಟಿಪ್ಪುವಿನ ಮೇಲೆ ಹಗೆಯಿತ್ತು, ನಿಜ. ಆದರೂ ಆ ಕಾಗದಗಳನ್ನು ನಾವು ಓದುವುದೇ ಇಲ್ಲ. 2015ರಿಂದ ಕೆಲವು ವರ್ಷ ಸರ್ಕಾರವೇ ಟಿಪ್ಪು ಜಯಂತಿ ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಮಾಡಿದಾಗ ಒಂದು ತುಂಡು ಹೊರಬಂತು, ನಿಲ್ಲಿಸಿದಾಗ ಇನ್ನೊಂದು ತುಂಡು. ಇಡೀ ಮನುಷ್ಯ ಒಮ್ಮೆಯೂ ಗೋಡೆ ಹತ್ತಲಿಲ್ಲ.

ಮೇಷ್ಟ್ರ ಐದು ಚೌಕಟ್ಟುಗಳಲ್ಲಿ ನಮಗೆ ಬಹಳ ಹಿಡಿಸಿದ್ದು ಮೂರನೆಯದು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಜೈನರು ಬುಕ್ಕರಾಯನಲ್ಲಿ ದೂರು ಒಯ್ದರು. ಅರಸ ಎರಡೂ ಕಡೆಯವರನ್ನು ಕೂರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದ. ಜೈನರಿಗೆ ಪಂಚಮಹಾವಾದ್ಯ, ಕಲಶಗಳ ಹಕ್ಕು ಉಳಿಯಿತು. ಬಾಯಿಮಾತಿಗೆ ನಿಲ್ಲದೆ ಲೆಕ್ಕವೂ ಆಯಿತು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ. ಅದರಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳು, ಉಳಿದದ್ದರಲ್ಲಿ ಬಸದಿಗಳಿಗೆ ಸುಣ್ಣ. ಕಾವಲಿನ ಆಳುಗಳನ್ನು ನೇಮಿಸುವ ಹೊಣೆ ಹೊತ್ತವರು ತಿರುಮಲೆಯ ತಾತಯ್ಯ, ಅಂದರೆ ಎದುರು ಪಕ್ಷದವರೇ.

ನಮ್ಮ ಸೌಹಾರ್ದ ಸಭೆಗಳಲ್ಲಿ ಈ ಶಾಸನವನ್ನು ಕೊಂಡಾಡುವವರು ಬಹಳ. ಅದರ ಮೊದಲ ಸಾಲನ್ನು ಓದುವವರು ಕಡಿಮೆ. ಅಲ್ಲಿರುವುದು ರಾಮಾನುಜರ ಸ್ತುತಿ. ಪಾಷಂಡರೆಂಬ ಸಮುದ್ರವನ್ನು ಸುಡುವ ಬಡಬಾಗ್ನಿ ಎಂದು ಆಚಾರ್ಯರನ್ನು ಹೊಗಳಿದೆ. ಆ ಪಾಷಂಡರಲ್ಲಿ ಜೈನರೂ ಸೇರಿದವರೆಂದು ಆ ಕಾಲದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂದರೆ, ಯಾರನ್ನು ಸುಡಬೇಕೆಂದು ಮೊದಲ ಸಾಲಿನಲ್ಲಿದೆಯೋ ಅವರ ಮನೆಯ ಕಾವಲಿಗೆ ನಿಲ್ಲುತ್ತೇವೆಂದು ಒಳಗಿನ ಸಾಲುಗಳಲ್ಲಿ ಒಪ್ಪಿಕೊಂಡಿದ್ದಾರೆ. ಮೊದಲ ಸಾಲು ಕತ್ತರಿಸಿ ಹಾಕಿದರೆ ಇದೊಂದು ಸಲೀಸಾದ ಸಂಧಿಪತ್ರ. ಇಟ್ಟುಕೊಂಡರೆ ಮಾತ್ರ ಆ ದಿನ ಬುಕ್ಕರಾಯನ ಸಭೆಯಲ್ಲಿ ಎರಡು ಕೈಗಳು ಎಷ್ಟು ಬಿಗಿಯಾಗಿದ್ದವು, ಎಷ್ಟು ಕಷ್ಟಪಟ್ಟು ಸೇರಿದವು ಎಂಬುದು ಕಾಣುತ್ತದೆ.

ನಾಲ್ಕನೆಯದರ ವಿಷಯ ಚಿಕ್ಕದು. ಇಮ್ಮಡಿ ದೇವರಾಯನ ಕಾಲದ ಅಹಮದ್ ಖಾನ್ ಕಟ್ಟಿಸಿದ್ದು ಮಸೀದಿ, ಶಾಸನದಲ್ಲಿ ಅದರ ಹೆಸರು ಧರ್ಮಸಾಲೆ. ಒಂದು ಬಾವಿಯನ್ನೂ ತೋಡಿಸಿ, ಪುಣ್ಯವು ದೇವರಾಯನಿಗಿರಲಿ ಎಂದಿದ್ದಾನೆ. ಕಟ್ಟಡವೂ ಕಂಬಗಳ ಮಂಟಪದಂತಿದೆ. ಪುಣ್ಯವನ್ನು ಇನ್ನೊಬ್ಬರ ಖಾತೆಗೆ ಬರೆಯುವುದು ಶರೀಅತ್ತಿಗೆ ಎಷ್ಟು ಒಪ್ಪುತ್ತದೋ ಎಂದು ನಮ್ಮ ಹಿರಿಯರನ್ನು ಕೇಳಿದೆವು. ಅವರು ಬಹಳ ಹೊತ್ತು ಯೋಚಿಸಿ, "ಬಾವಿ ತೋಡ್ಸಿದ್ದಾನಲ್ಲ, ಅಲ್ಲಾಹ್ ನೋಡಿಕೊಳ್ಳುತ್ತಾನೆ" ಎಂದರು.

ಸೋಮನಾಥಪುರದ ಬಗ್ಗೆ ಯಾರದೂ ತಕರಾರಿರಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಊರು, ಗುಡಿ. ಪೀಠಿಕೆಯನ್ನು ನಾಡೆಲ್ಲ ಓದಿದ ಮೂರೇ ದಿನಕ್ಕೆ, 2023ರ ಸೆಪ್ಟೆಂಬರ್ 18ರಂದು, ಬೇಲೂರು ಹಳೇಬೀಡುಗಳ ಜೊತೆ ಅದು ವಿಶ್ವಪರಂಪರೆಯ ಪಟ್ಟಿ ಸೇರಿತು. ಕುವೆಂಪು ಆ ಗುಡಿಯ ಮೇಲೆ ಬರೆದ ಕವಿತೆ ಕನ್ನಡಿಗರಿಗೆಲ್ಲ ಗೊತ್ತು. ಬಾಗಿಲಲ್ಲಿ ಕೈಮುಗಿಯಲು ಅವರು ಯಾತ್ರಿಕನಿಗೆ ಹೇಳಿದ್ದು ಕಲೆಯ ಎದುರು. ಆ ಮಾತನ್ನೇ ಹೋಲುವ ಫಲಕ ನಮ್ಮ ಎಷ್ಟೋ ಶಾಲೆಗಳ ಬಾಗಿಲಿಗೆ ಬಂತು, ಗುಡಿಯ ಜಾಗದಲ್ಲಿ ಜ್ಞಾನದೇಗುಲವೆಂಬ ಪದ ಸೇರಿತು. 2024ರ ಫೆಬ್ರವರಿಯಲ್ಲಿ ಸಮಾಜ ಕಲ್ಯಾಣ ಇಲಾಖೆಯ ಕೆಲವು ವಸತಿ ಶಾಲೆಗಳಲ್ಲಿ, ಕೈಮುಗಿಯುವ ಬದಲು ಧೈರ್ಯವಾಗಿ ಪ್ರಶ್ನಿಸಲು ಹೇಳುವಂತೆ ಅದನ್ನು ಬದಲಿಸಿದಾಗ ದೊಡ್ಡ ಕೂಗೆದ್ದಿತು. ಕುವೆಂಪು ಅವರಿಗೆ ಅವಮಾನವಾಯಿತು ಎಂದರು. ವೈಚಾರಿಕತೆಯನ್ನು ಜೀವನವಿಡೀ ಹೇಳಿದ ಕವಿಗೆ ಪ್ರಶ್ನೆಯಿಂದ ಅವಮಾನವಾದೀತೇ? ಇನ್ನೊಂದು ಮಗ್ಗುಲಲ್ಲಿ, ಹಳೆಯ ಫಲಕವನ್ನು ಕಿತ್ತುಹಾಕಲೇಬೇಕಿತ್ತೇ ಎಂದೂ ನಮಗೆ ಅನ್ನಿಸಿತು. ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆಯಲು ಜಾಗವಿರಲಿಲ್ಲವೇ?

2025ರ ದಸರಾ ಉದ್ಘಾಟನೆಗೆ ಬಾನು ಮುಷ್ತಾಕ್ ಅವರನ್ನು ಕರೆದದ್ದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಿಗೆ ನ್ಯಾಯಾಧೀಶರು ನೆನಪಿಸಿದ್ದು ಇದೇ ಪೀಠಿಕೆಯನ್ನು. ಗೋಡೆಯ ಮೇಲಿನ ಬರಹ ಬಣ್ಣ ಮಾಸುವವರೆಗೆ ಸುಮ್ಮನಿರುತ್ತದೆ ಎಂದು ತಿಳಿಯಬಾರದು.

ಮೇಷ್ಟ್ರು ಇಬ್ಬರ ಸಲಹೆಯನ್ನೂ ಒಪ್ಪಲಿಲ್ಲ. "ತುಂಡು ಮಾಡಿ ಹಾಕೋದಾದ್ರೆ ಬೇಡ. ಪೂರ್ತಿ ಹಾಕ್ತೀನಿ, ಇಲ್ಲ ಹಾಕೋಲ್ಲ" ಎಂದರು. ನಾಲ್ಕು ಚೌಕಟ್ಟುಗಳು ಪೂರ್ತಿಯಾಗಿ ಗೋಡೆ ಹತ್ತಿದವು. ರಾಮಾನುಜ ಸ್ತುತಿಯೂ ಇದೆ, ಧರ್ಮಸಾಲೆಯೂ ಇದೆ. ಯಾವುದಕ್ಕೂ ಹೂವು ಮುಡಿಸಕೂಡದು, ಊದುಬತ್ತಿ ಹಚ್ಚಕೂಡದು ಎಂದು ಅವರು ಮಕ್ಕಳಿಗೆ ಹೇಳಿದ್ದಾರೆ. ಸಂವಿಧಾನದ ಪುಟಕ್ಕೂ ಅದೇ ನಿಯಮ. ಐದನೆಯದರ ಬಗ್ಗೆ ಸಮಿತಿಯವರು ‘ಮುಂದಿನ ಸಭೆಯಲ್ಲಿ ನೋಡೋಣ’ ಎಂದು ನಡಾವಳಿಯಲ್ಲಿ ಬರೆದಿದ್ದಾರೆ. ಎರಡು ಸಭೆಗಳು ಆಗಿವೆ.

ಕಳೆದ ಸಲ ನಾವು ಹೋದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಗೋಡೆಯ ಪೀಠಿಕೆಗೂ ಚೌಕಟ್ಟಿನ ಮೂಲ ಪುಟಕ್ಕೂ ಬೆರಳಿಟ್ಟು ಹೋಲಿಸುತ್ತಿದ್ದಳು. "ಸಾರ್, ಇಂಗ್ಲಿಷಲ್ಲಿ ಮೂರೇ ಪದ ಐತೆ, ಕನ್ನಡದಲ್ಲಿ ಜಾಸ್ತಿ ಐತೆ. ಯಾರ್ದು ತಪ್ಪು?" ಯಾರದೂ ತಪ್ಪಲ್ಲ, ಸಮಾಜವಾದಿ, ಸೆಕ್ಯುಲರ್ ಪದಗಳು ಸೇರಿದ್ದು 1976ರ 42ನೆಯ ತಿದ್ದುಪಡಿಯಲ್ಲಿ, ಅವನ್ನು ತೆಗೆಯಬೇಕೆಂದು ಹೋದವರ ಅರ್ಜಿಗಳನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ವಜಾ ಮಾಡಿತು ಎಂದು ಮೇಷ್ಟ್ರು ವಿವರಿಸಿದರು. ಅವಳು ನೋಟ್‌ಬುಕ್ಕಿನಲ್ಲಿ ಇಸವಿ ಬರೆದುಕೊಂಡಳು. ಆಮೇಲೆ ಖಾಲಿ ಮೊಳೆಯನ್ನು ತೋರಿಸಿ ಅಲ್ಲೇನು ಬರುತ್ತದೆ ಎಂದು ಕೇಳಿದಳು.

"ಒಂದು ಕಾಗ್ದ ಬರ್ಬೇಕು ಕಣಮ್ಮ" ಎಂದರು ಮೇಷ್ಟ್ರು.

ಸದ್ಯಕ್ಕೆ ಆ ಮೊಳೆಗೆ ಶಾಲೆಯ ಗಂಟೆ ಬಾರಿಸುವ ಕಬ್ಬಿಣದ ಸರಳನ್ನು ದಾರ ಕಟ್ಟಿ ತೂಗುಹಾಕಿದ್ದಾರೆ.